ನಂಜನಗೂಡು ರಸಬಾಳೆಗೆ ಬಂದ ರೋಗ ತಿನ್ನುವವರಿಗೂ ಬರುತ್ತದೆಯೇ?

ಬಾಳೆ ತೋಟಗಳಿಗೆ ರೋಗ ತಗುಲಿದೆ ಎಂಬ ಸುದ್ದಿ ಮೊಬೈಲ್‌ಗೆ ಬಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: ‘ಹಾಗಾದರೆ ಹಣ್ಣು ತಿನ್ನಬಹುದಾ?’

ತಿನ್ನಬಹುದು. ಬಾಳೆಯ ಸೊರಗು ರೋಗ ಹಣ್ಣು ತಿಂದವರಿಗೆ ಬರುವುದಿಲ್ಲ. ಆದರೆ ಅದು ತೋಟದಿಂದ ತೋಟಕ್ಕೆ ಹೋಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ.

ರಸಬಾಳೆಗೆ ಆಗಿದ್ದೇನು?

ಮೈಸೂರಿಗೆ ಸುಮಾರು 25 ಕಿ.ಮೀ. ದೂರದ ನಂಜನಗೂಡಿನ ರಸಬಾಳೆ, ಮೈಸೂರು ಮಲ್ಲಿಗೆಯಂತೆಯೇ ಜಿಐ ಟ್ಯಾಗ್ ಪಡೆದ ಬೆಳೆ. ಘಮ, ರುಚಿಗೆ ಹೆಸರಾದ ಈ ತಳಿಯನ್ನು ಅಳಿವಿನ ಅಂಚಿಗೆ ತಳ್ಳಿದ್ದು ಪನಾಮಾ ಸೊರಗು ರೋಗ. ಏಲಕ್ಕಿ ಬಾಳೆಯನ್ನೂ ಇದು ಕಾಡುತ್ತದೆ.

ಇದಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಿಂದ ಬೇರಿನ ಮೂಲಕ ಒಳಹೊಕ್ಕು, ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಮೊದಲು ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು ಜೋತುಬೀಳುತ್ತವೆ. ಗೆಡ್ಡೆ ಕತ್ತರಿಸಿದರೆ ಒಳಗೆ ಕೆಂಗಂದು ಕಲೆ ಕಾಣುತ್ತದೆ.

ಔಷಧ ಸಿಂಪಡಿಸಿದರೆ ಹೋಗುವುದಿಲ್ಲವೇ?

ಇಲ್ಲ. ರೋಗ ಇರುವುದು ಗಿಡದ ಒಳಗೆ ಮತ್ತು ಮಣ್ಣಿನಲ್ಲಿ. ಶಿಲೀಂಧ್ರದ ಬೀಜಕಗಳು ಬಾಳೆ ಇಲ್ಲದಿದ್ದರೂ ದಶಕಗಳ ಕಾಲ ಮಣ್ಣಿನಲ್ಲಿ ಉಳಿಯಬಲ್ಲವು. ‘ಒಂದೇ ಸಿಂಪಡಣೆಗೆ ಸೊರಗು ರೋಗ ಮಾಯ’ ಎಂಬ ಸಂದೇಶ ನಂಬಿದ ರೈತ ಹಣವನ್ನೂ ಕಳೆದುಕೊಳ್ಳುತ್ತಾನೆ, ಸಮಯವನ್ನೂ.

ಹರಡುವುದು ಹೇಗೆ?

ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತೇವೆ. ರೋಗ ತಗುಲಿದ ಕಂದು ನೋಡಲು ಹಸಿರಾಗಿ, ಚೆನ್ನಾಗಿಯೇ ಇರಬಹುದು. ನೆಂಟರ ತೋಟದಿಂದ ಪ್ರೀತಿಯಿಂದ ತಂದ ಒಂದು ಕಂದು ಸಾಕು. ಗುದ್ದಲಿ, ಚಪ್ಪಲಿ, ಟ್ರ್ಯಾಕ್ಟರ್ ಚಕ್ರಕ್ಕೆ ಮೆತ್ತಿದ ಮಣ್ಣು ಮತ್ತು ಹರಿಯುವ ನೀರು ಕೂಡ ರೋಗ ಒಯ್ಯುತ್ತವೆ.

ಒಂದು ತಳಿಯ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದರ ನಕಲು ಇನ್ನೊಂದು. ಒಂದಕ್ಕೆ ತಡೆದುಕೊಳ್ಳುವ ಶಕ್ತಿ ಇಲ್ಲದಿದ್ದರೆ ಯಾವುದಕ್ಕೂ ಇರುವುದಿಲ್ಲ. ಜಗತ್ತಿನ ಮಾರುಕಟ್ಟೆ ಆಳುತ್ತಿದ್ದ ಗ್ರೋ ಮಿಷೆಲ್ ತಳಿ 1950ರ ದಶಕದ ಹೊತ್ತಿಗೆ ಹೀಗೇ ನೆಲಕಚ್ಚಿತು. ಅದರ ಜಾಗಕ್ಕೆ ಬಂದದ್ದು ಕ್ಯಾವೆಂಡಿಶ್. ನಮ್ಮ ಪಚ್ಚಬಾಳೆ, ಜಿ-9 ಇದೇ ಗುಂಪಿನವು. ಇವನ್ನೂ ಕೊಲ್ಲುವ ಟಿಆರ್4 ಎಂಬ ಹೊಸ ಬಗೆ ಈಗಾಗಲೇ ಬಿಹಾರದಲ್ಲಿ ಪತ್ತೆಯಾಗಿದೆ.

ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆ?

ಹಣ್ಣು ಮಾಗಿದಾಗ ಮೂಡುವ ಚುಕ್ಕೆಗಳಿಗೂ ಈ ರೋಗಕ್ಕೂ ಸಂಬಂಧವಿಲ್ಲ. ಬೂಷ್ಟು ಹಿಡಿದ, ಕೊಳೆತ ಹಣ್ಣನ್ನು ಮಾತ್ರ ಬಿಸಾಡಿ.

ನಾವೇನು ಮಾಡಬಹುದು?

ಸೊರಗಿದ ತೋಟದಿಂದ ಕಂದು ತರಬೇಡಿ, ಹಿತ್ತಲಿಗೂ ಬೇಡ. ಅಂಗಾಂಶ ಕೃಷಿಯ ಸಸಿ ರೋಗಮುಕ್ತವಾಗಿ ಬರುತ್ತದೆ. ಆದರೆ ರೋಗದ ಮಣ್ಣಿನಲ್ಲಿ ನೆಟ್ಟರೆ ಅದೂ ಸೊರಗುತ್ತದೆ. ರೋಗದ ತೋಟಕ್ಕೆ ಹೋಗಿ ಬಂದರೆ ಚಪ್ಪಲಿ, ಸಲಕರಣೆಗಳನ್ನು ತೊಳೆಯಿರಿ. ಅನುಮಾನ ಬಂದರೆ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ.

‘ಬಾಳೆಹಣ್ಣು ತಿನ್ನಬೇಡಿ’ ಎಂಬ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ರೋಗದಿಂದ ಅರ್ಧ ಬೆಳೆ ಕಳೆದುಕೊಂಡ ರೈತನಿಗೆ ಉಳಿದರ್ಧವನ್ನು ಮಾರಲೂ ಆಗದಂತೆ ಮಾಡುವುದು ಅಂಥ ಸಂದೇಶವೇ.