ಹಸಿ ಕಸವೋ, ಒಣ ಕಸವೋ?



ಕಳೆದ ಆಗಸ್ಟ್ 15ರ ಮಾತು. ಹುಳಿಮಾವಿನ ನಮ್ಮ ಬಡಾವಣೆಯ ಶರಣ ಬಳಗ ಧ್ವಜಾರೋಹಣ ಮಾಡಿ, ಸಾಮೂಹಿಕ ಪ್ರಾರ್ಥನೆ ಮುಗಿಸಿ, ಬಂದವರಿಗೆಲ್ಲ ಪ್ರಸಾದದ ಏರ್ಪಾಟು ಮಾಡಿತ್ತು. ಇನ್ನೂರು ಜನಕ್ಕೆ ಅಂದಾಜು ಹಾಕಿದ್ದೆವು, ಮುನ್ನೂರು ಜನ ಬಂದರು. ಬಿಸಿಬೇಳೆ ಬಾತು ಸಾಲದೆ ಮತ್ತೊಮ್ಮೆ ಒಲೆ ಹಚ್ಚಬೇಕಾಯಿತು. ತಟ್ಟೆ ತರುವ ಹೊಣೆ ಹೊತ್ತಿದ್ದ ತರುಣ ಮಾರುಕಟ್ಟೆಯೆಲ್ಲ ಸುತ್ತಿ ವಿಶೇಷವಾದದ್ದನ್ನೇ ಹುಡುಕಿ ತಂದಿದ್ದ. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು, ಬಿಳಿಯ ಮೇಲೆ ನೀಲಿ ಚಕ್ರ. ಕೈ ಒರೆಸುವ ಕಾಗದದ ಮೇಲೂ ಅದೇ ಅಚ್ಚು. ಎಲ್ಲರೂ ಹೊಗಳಿದರು. ನಾನೂ ಹೊಗಳಿದೆ. ಇದನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಆ ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ನೋಡಿದರೆ ನಾವು ಕಟ್ಟಿಟ್ಟ ಕಸದ ಚೀಲಗಳನ್ನು ನಾಯಿಗಳು ಎಳೆದಾಡಿದ್ದವು. ತಟ್ಟೆಗಳು ರಸ್ತೆಯುದ್ದಕ್ಕೂ ಚೆಲ್ಲಿದ್ದವು. ನಾಲ್ಕಾರು ಚರಂಡಿಗೆ ಬಿದ್ದು ಕೆರೆಯ ಕಡೆಗೆ ತೇಲಿಹೋಗುತ್ತಿದ್ದವು. 2019ರ ನವೆಂಬರಿನಲ್ಲಿ ಏರಿ ಒಡೆದು ಸುತ್ತಲಿನ ಮನೆಗಳಿಗೆಲ್ಲ ನೀರು ನುಗ್ಗಿತಲ್ಲ, ಅದೇ ಕೆರೆ. ನಮ್ಮ ಬೀದಿ ಗುಡಿಸುವ ತಾಯಿ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಒಂದು ತಟ್ಟೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೇಳಿದರು: “ಸಾರ್, ಇದು ಹಸಿ ಕಸನಾ, ಒಣ ಕಸನಾ? ಅನ್ನ ಮೆತ್ಕೊಂಡೈತೆ. ಬಾವುಟನೂ ಐತೆ. ಯಾವುದಕ್ಕೆ ಹಾಕ್ಲಿ ನೀವೇ ಹೇಳಿ.”

ನಾನು ಏನೂ ಹೇಳಲಾರದೆ ನಿಂತೆ. ಆ ತಾಯಿ ನನ್ನ ಉತ್ತರಕ್ಕೆ ಹೆಚ್ಚು ಹೊತ್ತು ಕಾಯಲಿಲ್ಲ. ಮಕ್ಕಳು ಬೀಳಿಸಿಹೋಗಿದ್ದ ಕಾಗದದ ಬಾವುಟಗಳನ್ನು ಆಗಲೇ ಒಂದೊಂದಾಗಿ ಹೆಕ್ಕಿ, ಕಸದೊಳಗೆ ಸೇರಿಸದೆ, ತಳ್ಳುಗಾಡಿಯ ಹಿಡಿಗೆ ಸಿಕ್ಕಿಸಿಟ್ಟಿದ್ದರು. ತಟ್ಟೆಗಳ ವಿಷಯದಲ್ಲಿ ಮಾತ್ರ ಅವರಿಗೂ ದಾರಿ ತೋಚಿರಲಿಲ್ಲ. ನಾನೊಂದು ತಟ್ಟೆಯನ್ನು ಕೈಗೆತ್ತಿಕೊಂಡು ಚಕ್ರದ ಅರಗಳನ್ನು ಎಣಿಸಿದೆ. ಇಪ್ಪತ್ನಾಲ್ಕು ಇರಬೇಕಾದಲ್ಲಿ ಹದಿನೆಂಟು ಇದ್ದವು.

ತಟ್ಟೆ ತಂದ ತರುಣನೊಡನೆ ಸಂಜೆ ಮಾತಾಡಿದೆ. “ಅಣ್ಣಾ, ಪ್ರೀತಿಯಿಂದಲೇ ತಂದದ್ದು, ಅವಮಾನ ಮಾಡಬೇಕು ಅಂತ ಯಾರಾದರೂ ತರುತ್ತಾರಾ?” ಎಂದ. ಅವನ ಮಾತು ಸುಳ್ಳಲ್ಲ. ಇಡೀ ಸಮಸ್ಯೆ ಇರುವುದೂ ಅಲ್ಲಿಯೇ. ಬಾವುಟ ಕಾಲ ಕೆಳಗೆ ಬೀಳುವುದು ದ್ವೇಷದಿಂದಲ್ಲ, ತಂದ ಮೇಲೆ ಅದನ್ನು ಏನು ಮಾಡಬೇಕೆಂದು ಯೋಚಿಸದ ಪ್ರೀತಿಯಿಂದ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ, ಏಕೆಂದರೆ ನಮ್ಮಲ್ಲಿ ಅನೇಕರಿಗೆ ಅದರ ಪರಿಚಯವಿಲ್ಲ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆಯುವ ಕಾಯಿದೆ ಬಂದದ್ದು 1971ರಲ್ಲಿ. ಅದರ ಪ್ರಕಾರ ಬಾವುಟ ಎಂದರೆ ಕಂಬದ ಮೇಲಿನ ಬಟ್ಟೆ ಮಾತ್ರವಲ್ಲ. ಯಾವ ವಸ್ತುವಿನ ಮೇಲೆ ಬರೆದ, ಅಚ್ಚು ಹಾಕಿದ ಅದರ ಚಿತ್ರವೂ ಬಾವುಟವೇ. 2003ರ ತಿದ್ದುಪಡಿ ಏನೇನು ಅಪಮಾನ ಎಂಬುದನ್ನು ಬಿಡಿಸಿ ಹೇಳಿತು. ಬಾವುಟದಲ್ಲಿ ಯಾವುದೇ ಪದಾರ್ಥ ಕಟ್ಟುವುದು, ಕೊಡುವುದು, ಒಯ್ಯುವುದು ಕೂಡದು. ಏರಿಸುವ ಮುಂಚೆ ಅದರೊಳಗೆ ಹೂವಿನ ಪಕಳೆ ಇಡುವುದಕ್ಕೆ ಮಾತ್ರ ವಿನಾಯಿತಿ. ದಿಂಬು, ಕರವಸ್ತ್ರ, ಕೈ ಒರೆಸುವ ಕಾಗದದ ಮೇಲೆ ಅಚ್ಚು ಹಾಕುವಂತಿಲ್ಲ. ಉಡುಪಿನ ಮೇಲೆ ಬಾವುಟ ಇರಬಹುದೇ ಎಂಬ ಪ್ರಶ್ನೆಗೆ 2005ರ ತಿದ್ದುಪಡಿ ಉತ್ತರ ಕೊಟ್ಟಿತು: ಇರಬಹುದು, ಆದರೆ ಸೊಂಟದ ಕೆಳಗೆ ಮತ್ತು ಒಳ ಉಡುಪಿನ ಮೇಲೆ ಕೂಡದು. 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜ ಸಂಹಿತೆ ಕಾಗದದ ಬಾವುಟವನ್ನು ಒಪ್ಪುತ್ತದೆ. ಆದರೆ ಸಮಾರಂಭ ಮುಗಿದ ಮೇಲೆ ಅದನ್ನು ನೆಲಕ್ಕೆ ಎಸೆಯದೆ, ಏಕಾಂತದಲ್ಲಿ ಗೌರವದಿಂದ ವಿಲೇವಾರಿ ಮಾಡಬೇಕು ಎನ್ನುತ್ತದೆ. ಪ್ಲಾಸ್ಟಿಕ್ ಬಾವುಟವಂತೂ 2022ರ ಜುಲೈ 1ರಿಂದ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಸೇರಿ ನಿಷೇಧವಾಗಿದೆ.

ಹಾಗಾದರೆ ನಮ್ಮ ಬಳಗ ಅಪರಾಧಿಯೇ? ಅಕ್ಷರ ಹಿಡಿದರೆ ಹೌದು ಎನ್ನಬಹುದು. ಆದರೆ ಮದ್ರಾಸ್ ಹೈಕೋರ್ಟು 2021ರ ಮಾರ್ಚಿನಲ್ಲಿ ಕೊಟ್ಟ ಒಂದು ತೀರ್ಪು ಇದೆ. 2013ರ ಕ್ರಿಸ್‌ಮಸ್ ಸಮಯದಲ್ಲಿ ಕೊಯಮತ್ತೂರಿನ ಸಮಾರಂಭವೊಂದರಲ್ಲಿ ತ್ರಿವರ್ಣದ ಭೂಪಟ, ಅಶೋಕ ಚಕ್ರ ಇದ್ದ ದೊಡ್ಡ ಕೇಕು ಕತ್ತರಿಸಿ ಹಂಚಿದ್ದರು. ಅದರ ಮೇಲೆ ದೂರು ಹೋಗಿತ್ತು. ಕೇಕು ತಿಂದವರ ಮನಸ್ಸಿನಲ್ಲಿ ದೇಶದ ಬಗ್ಗೆ ತಿರಸ್ಕಾರ ಇರಲಿಲ್ಲ, ಆದ್ದರಿಂದ ಇದು ಅಪಮಾನವಲ್ಲ ಎಂದು ನ್ಯಾಯಾಲಯ ಹೇಳಿತು. ಸ್ವಾತಂತ್ರ್ಯ ದಿನದಂದು ಕೈಯಲ್ಲಿ ಹಿಡಿದ ಬಾವುಟ ಆಮೇಲೆ ಕಸದ ಕಾಗದವಾಗಿಬಿಡುತ್ತದೆ, ಹಾಗೆಂದು ಬಂದವರೆಲ್ಲ ಬಾವುಟವನ್ನು ಅವಮಾನಿಸಿದರು ಎನ್ನಲಾದೀತೇ ಎಂಬ ಪ್ರಶ್ನೆಯನ್ನೂ ಅದು ಎತ್ತಿತು. ಅದು ವಿವೇಕದ ತೀರ್ಪು. ಬಾವುಟದ ಹೆಸರಿನಲ್ಲಿ ನೆರೆಹೊರೆಯವರನ್ನು ಠಾಣೆಗೆ ಎಳೆಯುವ ಚಟಕ್ಕೆ ಕಡಿವಾಣ ಬೇಕು. ಆದರೆ ಅದು ಸೆರೆಮನೆಗೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲಿ ಇಲ್ಲ.

ಬಳಗದ ಹಿರಿಯರೊಬ್ಬರು ಬೇರೆಯದೇ ಆಕ್ಷೇಪ ಎತ್ತಿದರು. “ಸ್ಥಾವರವನ್ನೇ ಒಪ್ಪದ ನಾವು ಒಂದು ತುಂಡು ಬಟ್ಟೆಗೆ ಇಷ್ಟೊಂದು ಮಡಿ ಮಾಡುವುದು ಸರಿಯೇ?” ಎಂದರು. ನಮ್ಮ ಪರಂಪರೆಗೆ ತಕ್ಕ ಪ್ರಶ್ನೆಯೇ. ನಾನು ಕೇಳುತ್ತಿರುವುದು ಮಡಿಯಲ್ಲ. ಬಾವುಟಕ್ಕೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತುವವರನ್ನು ಕಂಡಾಗ ನನಗೂ ಕಸಿವಿಸಿಯಾಗುತ್ತದೆ. ನಾನು ಕೇಳುತ್ತಿರುವುದು ಆ ಬಟ್ಟೆಯ ಹಿಂದಿರುವ ಕಾಯಕಕ್ಕೆ ಕೊಡಬೇಕಾದ ಮರ್ಯಾದೆಯನ್ನು. ಆ ಕಾಯಕ ನಡೆಯುವುದು ದೂರದ ದೆಹಲಿಯಲ್ಲಲ್ಲ, ನಮ್ಮದೇ ಊರುಗಳಲ್ಲಿ.

ಧಾರವಾಡದ ಬಳಿಯ ಗರಗ ಎಂದೊಡನೆ ನಮ್ಮವರಿಗೆ ಮಡಿವಾಳೇಶ್ವರರ ಮಠ ನೆನಪಾಗುತ್ತದೆ. ಅದೇ ಗರಗ ರಾಷ್ಟ್ರಧ್ವಜದ ಖಾದಿ ಬಟ್ಟೆಗೂ ಹೆಸರಾದ ಊರು. ಬಾಗಲಕೋಟೆಯ ತುಳಸಿಗೇರಿಯಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಪಡೆದು ಧ್ವಜ ತಯಾರಿಸುವ ಘಟಕ ಎಂದು ದೇಶಕ್ಕೆಲ್ಲ ಗೊತ್ತಾಗಿರುವುದು ಅದು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಹಗ್ಗ ಕಟ್ಟುವುದು, ಒಂದೊಂದೂ ಬೇರೆ ಕಾಯಕ. ಚಕ್ರವನ್ನು ಬಟ್ಟೆಯ ಎರಡೂ ಮಗ್ಗುಲಿಗೆ ಮುದ್ರಿಸಬೇಕು, ಒಂದರ ಮೇಲೆ ಒಂದು ಕರಾರುವಾಕ್ಕಾಗಿ ಕೂರಬೇಕು. ಉದ್ದ ಅಗಲ 3:2ರ ಪ್ರಮಾಣದಲ್ಲೇ ಇರಬೇಕು. ಒಂಬತ್ತು ಅಳತೆಗಳಿವೆ: ಮೇಜಿನ ಮೇಲಿಡುವ ಆರು ಇಂಚು ಉದ್ದ, ನಾಲ್ಕು ಇಂಚು ಅಗಲದಿಂದ ಹಿಡಿದು, ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದವರೆಗೆ. ನೂಲಿನ ಎಳೆ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಭಾರತದ ಮಾನಕಗಳ ಪಟ್ಟಿಯಲ್ಲಿ ಮೊದಲನೆಯ ಸಂಖ್ಯೆ ಇರುವುದೇ ರಾಷ್ಟ್ರಧ್ವಜಕ್ಕೆ. ನೇಯ್ದು ಬದುಕಿದ ಜೇಡರ ದಾಸಿಮಯ್ಯನವರನ್ನೂ, ಶರಣರ ಬಟ್ಟೆ ಒಗೆದ ಮಡಿವಾಳ ಮಾಚಿದೇವರನ್ನೂ ನಿತ್ಯ ನೆನೆಯುವ ನಾವು, ಇಷ್ಟು ನಿಷ್ಠೆಯ ಕಾಯಕದ ಎದುರಿಗೆ ಹದಿನೆಂಟು ಅರದ ತಟ್ಟೆಯನ್ನು ತಂದಿಟ್ಟೆವು.

2021ರ ಡಿಸೆಂಬರ್ 30ರಂದು ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಆಗಸ್ಟ್ 13ರಿಂದ 15ರವರೆಗೆ ಮನೆಮನೆಯಲ್ಲೂ ಬಾವುಟ ಹಾರಿತು. ಕೈಮಗ್ಗದಿಂದ ಅಷ್ಟು ಮನೆಗಳಿಗೆ ಬಟ್ಟೆ ಒದಗಿಸುವುದು ಆಗದ ಮಾತು, ನಿಜ. ಒಂದು ಕೋಣೆಯ ಬಾಡಿಗೆ ಮನೆಯ ಬಾಗಿಲಲ್ಲಿ ಅಗ್ಗದ ಬಾವುಟ ಹಾರಿದ್ದನ್ನು ನಾನು ಆಡಿಕೊಳ್ಳಲಾರೆ. ಆದರೆ ಬೆಂಗೇರಿಯ ಹೆಣ್ಣುಮಕ್ಕಳು ಅದೇ ವರ್ಷ ಕೆಲಸ ಉಳಿಸಿಕೊಡಿ ಎಂದು ದನಿ ಎತ್ತಬೇಕಾಯಿತು. ಮಠಗಳು, ನಮ್ಮ ವಿದ್ಯಾಸಂಸ್ಥೆಗಳು, ನಮ್ಮ ಬಳಗಗಳು ಅಗ್ಗದ ಬಾವುಟವನ್ನೇ ಕೊಳ್ಳಬೇಕಾದ ಬಡತನದಲ್ಲಿ ಇಲ್ಲ. ಒಂದು ಖಾದಿ ಬಾವುಟವನ್ನು ಹುಷಾರಾಗಿ ಮಡಚಿಟ್ಟುಕೊಂಡರೆ ವರ್ಷಕ್ಕೆ ಎರಡು ದಿನದ ಬಳಕೆಗೆ ಬಹುಕಾಲ ಬಾಳುತ್ತದೆ.

ಇಲ್ಲಿ ಶಿವಪುರವನ್ನು ನೆನೆಯದೆ ಇರಲಾರೆ. ಮದ್ದೂರಿನ ಮಗ್ಗುಲ ಆ ಊರಿನಲ್ಲಿ 1938ರ ಏಪ್ರಿಲಿನಲ್ಲಿ, ಮೈಸೂರು ಸಂಸ್ಥಾನದ ನಿಷೇಧ ಮೀರಿ ಟಿ. ಸಿದ್ದಲಿಂಗಯ್ಯನವರು ಬಾವುಟ ಏರಿಸಿ ಬಂಧನಕ್ಕೆ ಒಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು, ಹೆಣಗಳು ಬಿದ್ದವು. ಅಂದಿನದು ಚರಕದ ಬಾವುಟ; ಚಕ್ರದ ಬಾವುಟವನ್ನು ಸಂವಿಧಾನ ರಚನಾ ಸಭೆ ಒಪ್ಪಿದ್ದು 1947ರ ಜುಲೈ 22ರಂದು. ಬಟ್ಟೆ ಸಿಕ್ಕರೂ ಏರಿಸುವ ಸ್ವಾತಂತ್ರ್ಯ ಇಲ್ಲದ ಕಾಲ ಅದು. ಈಗ ಏರಿಸುವುದು ಪ್ರತಿಯೊಬ್ಬನ ಹಕ್ಕು ಎಂದು 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ಆಗಸ್ಟ್ ಬಂತೆಂದರೆ ಹುಳಿಮಾವು ಗೇಟಿನ ಸಿಗ್ನಲ್ಲಿನಲ್ಲಿ ಪುಟ್ಟ ಮಕ್ಕಳು ಬಾವುಟ ಹಿಡಿದು ಕಾರಿನ ಗಾಜು ತಟ್ಟುತ್ತಾರೆ. ಅದರಲ್ಲಿ ಪ್ಲಾಸ್ಟಿಕ್ಕಿನದೂ ಇರುತ್ತದೆ. ನಮ್ಮ ಸಿಟ್ಟು ಆ ಮಕ್ಕಳ ಮೇಲೆ ಹರಿಯಬಾರದು. ಹತ್ತು ರೂಪಾಯಿ ಕೊಟ್ಟು ಕೊಂಡು, ಬನ್ನೇರುಘಟ್ಟ ರಸ್ತೆ ದಾಟುವುದರೊಳಗೆ ಕೈಬಿಡುವವರು ನಾವು.

ಇದೇ ನೋವನ್ನು ನಾವು ಇನ್ನೊಂದು ರೀತಿಯಲ್ಲಿ ಬಲ್ಲೆವು. ಲಗ್ನಪತ್ರಿಕೆಯ ಮೇಲೆ ಬಸವಣ್ಣನವರ ಭಾವಚಿತ್ರ ಅಚ್ಚು ಹಾಕಿಸುತ್ತೇವೆ. ಮದುವೆ ಮುಗಿದ ಮೇಲೆ ಅದೇ ಪತ್ರಿಕೆ ಕಲ್ಯಾಣಮಂಟಪದ ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಬಿದ್ದಿರುತ್ತದೆ. ಕಂಡಾಗಲೆಲ್ಲ ಕರುಳು ಹಿಂಡುತ್ತದೆ, ಆದರೂ ಮುಂದಿನ ಮದುವೆಗೆ ಮತ್ತೆ ಅಚ್ಚು ಹಾಕಿಸುತ್ತೇವೆ. ಬಳಸಿ ಬಿಸಾಡುವ ವಸ್ತುವಿನ ಮೇಲೆ ಬಿಸಾಡಬಾರದ್ದನ್ನು ಅಚ್ಚು ಹಾಕಿದರೆ ಬೇರೆ ಏನಾದೀತು?

ಈ ಮಾತು ಬರೆಯುತ್ತಿರುವಾಗ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ಆಗಸ್ಟ್ ತಿಂಗಳ ಮುಖಪುಟದಲ್ಲಿ ವರ್ಷವರ್ಷವೂ ಬಾವುಟ, ಪುಟದ ತುಂಬ. ಆ ಸಂಚಿಕೆಗಳೆಲ್ಲ ಈಗ ಎಲ್ಲಿವೆ? ಕೆಲವು ಮಠಗಳ ಗ್ರಂಥಾಲಯದಲ್ಲಿ, ಕೆಲವು ಓದುಗರ ಕಪಾಟಿನಲ್ಲಿ. ಉಳಿದವು ರದ್ದಿಗೆ ಹೋಗಿ ಕಡಲೆಕಾಯಿ ಪೊಟ್ಟಣವಾಗಿವೆ, ಸುಳ್ಳು ಹೇಳುವುದೇಕೆ. ತಟ್ಟೆ ತಂದ ತರುಣನಿಗೆ ಬುದ್ಧಿ ಹೇಳಿದ ನಾನು ಅದೇ ತಪ್ಪನ್ನು ಸಾವಿರಾರು ಪ್ರತಿಗಳಲ್ಲಿ ಮಾಡುತ್ತ ಬಂದಿದ್ದೆ. ಆದ್ದರಿಂದ ಈ ಸಂಚಿಕೆಯ ಮುಖಪುಟದಲ್ಲಿ ಬಾವುಟ ಇಲ್ಲ, ಒಂದು ಮಗ್ಗದ ಚಿತ್ರ ಇದೆ. ಹಳೆಯ ಆಗಸ್ಟ್ ಸಂಚಿಕೆಗಳು ನಿಮ್ಮಲ್ಲಿದ್ದು, ರದ್ದಿಗೆ ಹಾಕುವುದಿದ್ದರೆ, ದಯವಿಟ್ಟು ಮುಖಪುಟವನ್ನು ಬೇರ್ಪಡಿಸಿ ನಮಗೆ ಮರಳಿಸಿ.

ನಮ್ಮ ಬಳಗ ಈ ಸಲ ಕೆಲವು ನಿರ್ಧಾರ ಮಾಡಿದೆ. ಬೆಂಗೇರಿಯಿಂದ ಒಂದು ಖಾದಿ ಬಾವುಟ ತರಿಸಿದ್ದೇವೆ. ಮಕ್ಕಳಿಗೆ ಕೊಡುವ ಕಾಗದದ ಬಾವುಟಗಳನ್ನು ಎಣಿಸಿ ಕೊಡುತ್ತೇವೆ, ಎಣಿಸಿ ಹಿಂದಕ್ಕೆ ಪಡೆಯುತ್ತೇವೆ. ಬಾಗಿಲ ಬಳಿ ಅದಕ್ಕೊಂದು ಬುಟ್ಟಿ ಇರುತ್ತದೆ, ಅದನ್ನು ನೋಡಿಕೊಳ್ಳುವುದು ಮಕ್ಕಳದೇ ಕೆಲಸ. ಹರಿದ, ಮಾಸಿದ ಬಾವುಟವನ್ನು ಧ್ವಜ ಸಂಹಿತೆ ಹೇಳುವಂತೆ ಏಕಾಂತದಲ್ಲಿ, ಇಡಿಯಾಗಿ ಸುಡುತ್ತೇವೆ. ಅದಕ್ಕೆ ಫೋಟೋ ಬೇಡ, ಭಾಷಣವೂ ಬೇಡ. ನೆಲದ ಮೇಲೆ ತ್ರಿವರ್ಣದ ರಂಗೋಲಿ ಹಾಕುವುದನ್ನು ಬಿಡೋಣ ಎಂದಾಗ ಅಕ್ಕನ ಬಳಗದ ತಾಯಂದಿರು ಸ್ವಲ್ಪ ಮುನಿಸಿಕೊಂಡರು. ತುಳಿಯದ ಜಾಗದಲ್ಲಿ, ಚಕ್ರವಿಲ್ಲದೆ ಹಾಕುವುದು ಎಂದು ಕೊನೆಗೆ ಒಪ್ಪಂದವಾಯಿತು. ಇದರಲ್ಲಿ ಅವರದು ಸರಿಯೋ, ನನ್ನದು ಸರಿಯೋ, ಓದುಗರು ಬರೆದರೆ ಪ್ರಕಟಿಸುತ್ತೇನೆ.

ತಟ್ಟೆ ಈ ವರ್ಷವೂ ಅದೇ ತರುಣನ ಹೊಣೆ. ಅಡಿಕೆ ಹಾಳೆಯ ತಟ್ಟೆಗೆ ಹೇಳಿದ್ದಾನೆ. ಬೀದಿ ಗುಡಿಸುವ ತಾಯಿಗೆ ಪ್ರಸಾದಕ್ಕೆ ಬನ್ನಿ ಎಂದು ಕರೆಯಲು ಹೋದವನು ಅದನ್ನೂ ಹೇಳಿ ಬಂದನಂತೆ: “ಅಮ್ಮಾ, ಈ ಸಲ ಹಸಿ ಕಸ.”