ಬಾನೆಟ್ ಎತ್ತಿದವರನ್ನು ನೋಡಿ ನಗಬೇಡಿ

ಟೋಯಿಂಗ್ ಗಾಡಿಯ ಹಿಂದೆ ನೇತುಕೊಂಡು ಬಂದ ಕಾರಿನ ಮಾಲೀಕರು ಗ್ಯಾರೇಜಿನಲ್ಲಿ ಆಡುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: ‘ನಾನೇನೂ ಮುಟ್ಟಿಲ್ಲ ಮೇಸ್ತ್ರಿ, ರಾತ್ರಿ ಸರಿ ಇತ್ತು, ಬೆಳಿಗ್ಗೆ ಸ್ಟಾರ್ಟೇ ಆಗ್ತಿಲ್ಲ.’ ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಡಬ್ಬಿಯ ಒಂದು ಕ್ಲಿಪ್ ಬಿಟ್ಟುಕೊಂಡಿರುತ್ತದೆ. ಬ್ಯಾಟರಿ ನಟ್ಟಿನ ಮೇಲೆ ಸ್ಪ್ಯಾನರ್ ಜಾರಿದ ಗೀರು ಇನ್ನೂ ಹೊಳೆಯುತ್ತಿರುತ್ತದೆ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಕಾರ್ಬುರೇಟರ್ ಕಾಲದಿಂದ ಕೈ ಮಸಿ ಮಾಡಿಕೊಂಡವನು ನಾನು. ಮನೆಯಲ್ಲೇ ರಿಪೇರಿಗೆ ಇಳಿಯುವವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಈ ಸುಳ್ಳಿನ ಮೇಲೆ. ಅದನ್ನು ಹೇಳಿಸುವವರೂ ನಾವೇ, ಗ್ಯಾರೇಜಿನವರು. ‘ಯೂಟ್ಯೂಬ್ ನೋಡಿ ಬಿಚ್ಚಿದ್ರಾ ಸಾರ್?’ ಎಂದು ಹುಡುಗರ ಎದುರು ಒಮ್ಮೆ ಕಿಚಾಯಿಸಿದರೆ ಮುಗಿಯಿತು, ಆ ಮನುಷ್ಯ ಮುಂದೆಂದೂ ನಿಜ ಹೇಳುವುದಿಲ್ಲ. ವೈದ್ಯರು ಬೈಯುತ್ತಾರೆಂದು ಕುಡಿತ ಮುಚ್ಚಿಡುವ ರೋಗಿಯ ಹಾಗೆ.

ರಿಪೇರಿಯಾದ ಮೇಲೆ ಕಾರು ಹೊರಡಲಿಲ್ಲವೆಂದರೆ ದೋಷ ಸಾಮಾನ್ಯವಾಗಿ ಕೊನೆಗೆ ಕೈ ಹೋದ ಜಾಗದಿಂದ ಒಂದು ಗೇಣಿನೊಳಗೇ ಇರುತ್ತದೆ. ಗಾಬರಿಬಿದ್ದವರು ಅಲ್ಲಿ ಹುಡುಕುವುದಿಲ್ಲ. ಹೊಸ ಬ್ಯಾಟರಿ ತರುತ್ತಾರೆ, ಪ್ಲಗ್ ತರುತ್ತಾರೆ, ಸೆಲ್ಫ್ ಮೋಟರ್ ಬಿಚ್ಚಿಸುತ್ತಾರೆ.

ಮೊದಲು ಕಿವಿ ಕೊಡಬೇಕು. ಸೆಲ್ಫ್ ತೆಗೆದುಕೊಳ್ಳುವುದೇ ಇಲ್ಲ ಎನ್ನುವುದು ಒಂದು ಕಾಯಿಲೆ. ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ ಎನ್ನುವುದು ಬೇರೆಯೇ ಕಾಯಿಲೆ. ಕೀ ತಿರುಗಿಸಿದಾಗ ಟಕಟಕ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಕಡೆ ನೋಡಿ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಸುಮ್ಮನೆ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು; 12ಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಬರಿದಾಗಿದೆ. ವೋಲ್ಟೇಜ್ ಸರಿಯಿದ್ದೂ ಸೆಲ್ಫ್ ಮಿಸುಕದಿದ್ದರೆ ಟರ್ಮಿನಲ್ ಕೈಯಲ್ಲಿ ತಿರುಚಿ ನೋಡಿ. ಅಲುಗಾಡುವ ಟರ್ಮಿನಲ್ ದೀಪ ಉರಿಸೀತು, ಹಾರನ್ ಕೂಗಿಸೀತು, ಸೆಲ್ಫ್ ಎಳೆಯುವಷ್ಟು ಕರೆಂಟ್ ಮಾತ್ರ ದಾಟಿಸದು. ಬಾಡಿಗೂ ಗೇರ್‌ಬಾಕ್ಸಿಗೂ ಹೋಗುವ ಅರ್ತ್ ಕೇಬಲ್ ಬಿಚ್ಚಿ ಮತ್ತೆ ಬಿಗಿ ಮಾಡುವುದನ್ನು ಮರೆತವರೂ ಇದ್ದಾರೆ.

ಸೆಲ್ಫ್ ಚೆನ್ನಾಗಿ ಹೊಡೆದೂ ಇಂಜಿನ್ ಹಿಡಿಯದಿದ್ದರೆ? ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಗುಂಯ್ ಎನ್ನುವ ಸದ್ದು ಬರಬೇಕು. ಅದು ಪೆಟ್ರೋಲ್ ಪಂಪ್. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ. ಪ್ಲಗ್ ಬದಲಿಸಿದ್ದರೆ ವೈರುಗಳು ಅದಲುಬದಲಾಗಿರಬಹುದು. ನಾಲ್ಕು ಸಿಲಿಂಡರಿನ ಬಹುತೇಕ ಕಾರುಗಳಲ್ಲಿ ಕಿಡಿ ಹಾರುವ ಸರದಿ 1-3-4-2. ಏರ್ ಫಿಲ್ಟರ್ ಬಿಚ್ಚಿದ್ದರೆ ಅದರ ಪೈಪಿನ ಸೆನ್ಸರ್ ಕಪ್ಲರ್ ಚುಚ್ಚಿದ್ದೀರಾ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸಿಲ್ಲ. ಬೀರುವಿನಲ್ಲಿಟ್ಟ ಎರಡನೇ ಕೀ ತನ್ನಿ. ಇನ್ನು ಮಳೆಗಾಲದ ಮಲೆನಾಡಿನಲ್ಲಿ ಇಲಿರಾಯರ ಪಾತ್ರ ಪ್ರತ್ಯೇಕ. ನೀವು ಫಿಲ್ಟರ್ ಬದಲಿಸಿದ ರಾತ್ರಿಯೇ ಅವರು ವೈರ್ ಕಡಿದಿರುವುದೂ ಉಂಟು.

ಸುಳ್ಳು ದುಬಾರಿಯಾಗುವುದು ಡೀಸೆಲ್ ಗಾಡಿಯಲ್ಲಿ. ಒಬ್ಬರು ಮನೆಯಲ್ಲೇ ಡೀಸೆಲ್ ಫಿಲ್ಟರ್ ಹಾಕಿ, ಗಾಡಿ ಹಿಡಿಯದಿದ್ದಾಗ ಬ್ಯಾಟರಿ ಸಾಯುವವರೆಗೆ ಸೆಲ್ಫ್ ಹೊಡೆದು ನಮ್ಮಲ್ಲಿಗೆ ತಂದರು. ಫಿಲ್ಟರ್ ಸುದ್ದಿ ಎತ್ತಲಿಲ್ಲ. ಹುಡುಗರು ಬ್ಯಾಟರಿ ಚಾರ್ಜಿಗೆ ಹಾಕಿ, ಸೆಲ್ಫ್ ಇಳಿಸಿ, ಸ್ಕ್ಯಾನರ್ ಚುಚ್ಚಿ ಒಂದಿಡೀ ಮಧ್ಯಾಹ್ನ ಕಳೆದರು. ಸಂಜೆ ಚಹಾ ಕುಡಿಯುವಾಗ ಅವರ ಮಗ ಬಾಯಿಬಿಟ್ಟ: ‘ಅಪ್ಪ ನಿನ್ನೆ ಫಿಲ್ಟರ್ ಹಾಕಿದ್ರಲ್ಲ?’ ಲೈನಿನಲ್ಲಿ ಏರ್ ಹಿಡಿದಿತ್ತು, ಅಷ್ಟೆ. ಫಿಲ್ಟರ್ ಹತ್ತಿರದ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿದರೆ ಹೋಗುವ ಕಾಯಿಲೆ. ಕೊಟ್ಟ ಬಿಲ್ಲಿನಲ್ಲಿ ಹೆಚ್ಚಿನ ಪಾಲು ನಾಚಿಕೆಯದ್ದೇ ಆಗಿತ್ತು. ಅಂದಹಾಗೆ, ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ. ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ.

ಎಲ್ಲವನ್ನೂ ಬಿಚ್ಚಿ ಎಂದು ನಾನು ಹೇಳುವುದಿಲ್ಲ. ಹೊಸ ಡೀಸೆಲ್ ಇಂಜಿನ್ನುಗಳ ಇಂಜೆಕ್ಟರ್ ಪೈಪಿನಲ್ಲಿ ಸಾವಿರ ಬಾರ್ ಮೀರಿದ ಒತ್ತಡವಿರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಇಂಜಿನ್ ಓಡುವಾಗ ಆ ಪೈಪ್ ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಟೈಮಿಂಗ್ ಬೆಲ್ಟ್ ಹಲ್ಲು ತಪ್ಪಿದರೆ ಅನೇಕ ಇಂಜಿನ್ನುಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಬೆಲ್ಟ್ ಬದಲಿಸಿದ ಮೇಲೆ ಸ್ಟಾರ್ಟ್ ಆಗದ ಕಾರಿಗೆ ಇನ್ನೊಮ್ಮೆ ಸೆಲ್ಫ್ ಹೊಡೆಯಲೇಬಾರದು. ಏರ್‌ಬ್ಯಾಗಿನ ಹಳದಿ ವೈರ್ ತಂಟೆಗಂತೂ ಹೋಗಬೇಡಿ.

ಆದರೆ ಬ್ಯಾಟರಿ, ಫಿಲ್ಟರ್, ಪ್ಲಗ್, ಫ್ಯೂಸ್ ಇವು ಮಾಲೀಕರ ಕೈಗೆ ದಕ್ಕುವ ಕೆಲಸಗಳು. ಅದಕ್ಕೆ ಬೇಕಾದ ಮಾಹಿತಿ ಅವರಿಗೆ ಸಿಗುವುದಿಲ್ಲ ಎನ್ನುವುದೇ ದೊಡ್ಡ ತಕರಾರು. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಏನಾದರೂ ಆದರೆ ಡೀಲರ್ ಬಳಿ ಹೋಗಿ ಎಂಬ ಮಾತೇ ಜಾಸ್ತಿ. ವರ್ಕ್‌ಶಾಪ್ ಮ್ಯಾನ್ಯುವಲ್ ನನ್ನಂಥವನಿಗೇ ಸುಲಭವಾಗಿ ಸಿಗದು, ಇನ್ನು ಮಾಲೀಕರಿಗೆಲ್ಲಿ? ಬಿಡಿಭಾಗ, ಸ್ಕ್ಯಾನರ್, ತಾಂತ್ರಿಕ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ದಂಡದ ಜಗಳ ಕೋರ್ಟು ಕಚೇರಿ ಅಲೆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಪೋರ್ಟಲ್ಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಕೊಟ್ಟರೆ ಸಾಲದು. ಮಾರಿದ ಪ್ರತಿ ಮಾಡೆಲ್ಲಿನ ವೈರಿಂಗ್ ನಕ್ಷೆ, ಫ್ಯೂಸ್ ಪಟ್ಟಿ, ಏರ್ ತೆಗೆಯುವ ವಿಧಾನವನ್ನು ಕನ್ನಡದಲ್ಲೇ ಪುಕ್ಕಟೆ ಕೊಡಿ ಎಂದು ಕಂಪನಿಗಳಿಗೆ ಕಾನೂನು ಹೇಳಬೇಕು.

ನಮ್ಮ ಪಾಲಿನದ್ದೂ ಸ್ವಲ್ಪ ಇದೆ. ನಮ್ಮ ಜಾಬ್ ಕಾರ್ಡಿನಲ್ಲಿ ಕಿಲೋಮೀಟರ್, ಪೆಟ್ರೋಲ್ ಮಟ್ಟ ಬರೆಯುವ ಸಾಲಿನ ಕೆಳಗೆ ‘ಕೊನೆಗೆ ಏನು ಬಿಚ್ಚಿದ್ದಿರಿ? ಯಾರು ಬಿಚ್ಚಿದರು?’ ಎಂದು ಅಚ್ಚು ಹಾಕಿಸಿದ್ದೇನೆ. ನಿಜ ಬರೆದವರಿಗೆ ಹುಡುಕುವ ಕೂಲಿ ಇಲ್ಲ, ಸರಿಪಡಿಸುವ ಕೂಲಿ ಮಾತ್ರ. ಪೇಟೆಯವರು ಈಗಲೂ ಅಲ್ಲೊಂದು ಗೆರೆ ಎಳೆದು ಕೊಡುತ್ತಾರೆ. ನೆಟ್ಟಗೆ ತುಂಬುವವರು ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದವರು. ಟಿಲ್ಲರ್, ಕಳೆ ಕೊಚ್ಚುವ ಮಿಷನ್ ಎಲ್ಲವನ್ನೂ ತಾವೇ ಬಿಚ್ಚಿ ಜೋಡಿಸಿ ರೂಢಿಯಾದವರಿಗೆ ‘ಪ್ಲಗ್ ನಾನೇ ಹಾಕಿದ್ದು ಮಾರಾಯ್ರೆ, ಎಲ್ಲೋ ಎಡವಟ್ಟಾಗಿದೆ, ನೋಡಿ’ ಎನ್ನಲು ಸಂಕೋಚವಿಲ್ಲ. ಅವರ ಕಾರುಗಳು ಊಟದ ಹೊತ್ತಿಗೆ ಮುಂಚೆಯೇ ಗ್ಯಾರೇಜ್ ಬಿಟ್ಟಿರುತ್ತವೆ.