ಮಗಳು ಡಾಕ್ಟರಾಗದಿದ್ದರೆ ಮುಂದೇನು?

ನೀಟ್ ಫಲಿತಾಂಶ ಪ್ರಕಟವಾದ ವಾರಗಳಲ್ಲಿ ಮಂಗಳೂರಿನ ಮೊಹಲ್ಲಾಗಳಲ್ಲಿ ಒಂದು ಬಗೆಯ ಸಂಭ್ರಮ ನೆಲೆಸಿರುತ್ತದೆ. ಎಂಬಿಬಿಎಸ್ ಸೀಟು ಪಡೆದ ಮಕ್ಕಳಿಗೆ ಜಮಾಅತ್‌ನಲ್ಲಿ ಸನ್ಮಾನ, ಸಂಘಟನೆಗಳಿಂದ ಸ್ಮರಣಿಕೆ, ರಸ್ತೆ ಬದಿಯಲ್ಲಿ ಫ್ಲೆಕ್ಸ್. ಇದನ್ನು ಟೀಕಿಸಬೇಕಾದ ಅಗತ್ಯವಿಲ್ಲ. ಎರಡು ತಲೆಮಾರುಗಳ ಹಿಂದೆ ಹೆಣ್ಣುಮಕ್ಕಳು ಹತ್ತನೆಯ ತರಗತಿ ದಾಟುವುದೇ ಅಪರೂಪವಾಗಿದ್ದ ಮನೆಗಳು ಇಂದು ಅದೇ ಹೆಣ್ಣುಮಕ್ಕಳ ಕೊರಳಲ್ಲಿ ಸ್ಟೆತಾಸ್ಕೋಪ್ ಕಂಡು ಹೆಮ್ಮೆಪಟ್ಟರೆ ಅದರಲ್ಲಿ ತಪ್ಪೇನಿದೆ?

ಆದರೆ ಇಂಥದ್ದೇ ಒಂದು ಸಮಾರಂಭದಿಂದ ಮರಳುವಾಗ ಪರಿಚಯದ ವ್ಯಾಪಾರಿಯೊಬ್ಬರು ನನ್ನನ್ನು ಬದಿಗೆ ಕರೆದರು. ಅವರ ಮಗಳು ಜೀವತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಕ್ಯಾನ್ಸರ್ ಕೋಶಗಳ ಬಗ್ಗೆ ಪಿಎಚ್.ಡಿ. ಮಾಡಬೇಕೆಂಬುದು ಅವಳ ಹಟ. “ಉಸ್ತಾದರೇ, ಎಂಬಿಬಿಎಸ್ ಸಿಗಲಿಲ್ಲ, ಇರಲಿ, ಅಲ್ಲಾಹನ ತೀರ್ಮಾನ. ಈಗ ಇವಳು ಇನ್ನೂ ಐದಾರು ವರ್ಷ ಲ್ಯಾಬಿನಲ್ಲಿ ಇಲಿ ಸಾಕಿಕೊಂಡು ಕೂರುತ್ತಾಳಂತೆ. ಅಷ್ಟಾದ ಮೇಲೂ ಮದ್ದು ಸಿಗುತ್ತದೋ ಇಲ್ಲವೋ ಗೊತ್ತಿಲ್ಲವಂತೆ. ಇದನ್ನು ಒಂದು ಕೆಲಸ ಅಂತ ನಾನು ನಾಲ್ಕು ಜನರಿಗೆ ಹೇಗೆ ಹೇಳಲಿ?”

ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ವಿಜ್ಞಾನದ ವಿದ್ಯಾರ್ಥಿಯಲ್ಲದ ನನಗೆ ಉತ್ತರ ಗೊತ್ತಿರಲಿಲ್ಲ ಎಂಬುದೇ ನಿಜ. ಆಮೇಲೆ ಓದತೊಡಗಿದೆ. ಓದಿದ್ದರಲ್ಲಿ ಬೆಂಗಳೂರಿನ ವಿಜ್ಞಾನಿಯೊಬ್ಬರ ಕೆಲಸ ಆ ತಂದೆಯ ಪ್ರಶ್ನೆಗೆ ನೇರವಾಗಿ ಎದುರು ನಿಂತಂತೆ ಕಂಡಿತು.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ದೀರ್ಘಕಾಲ ಪ್ರಾಧ್ಯಾಪಕಿಯಾಗಿದ್ದವರು ಮನೀಷಾ ಇನಾಮ್ದಾರ್. ಅವರ ಕ್ಷೇತ್ರ ಸ್ಟೆಮ್ ಸೆಲ್, ಅಂದರೆ ಆಕರಕೋಶ. ನಮ್ಮ ರಕ್ತದ ಕಣಗಳು ದಿನದಿನವೂ ಸಾಯುತ್ತವೆ, ದಿನದಿನವೂ ಹೊಸತು ಹುಟ್ಟುತ್ತವೆ. ಅವುಗಳನ್ನು ಹುಟ್ಟಿಸುವ ಮೂಲಕೋಶಗಳು ಮೂಳೆಯ ಮಜ್ಜೆಯಲ್ಲಿವೆ. ಈ ಮೂಲಕೋಶಗಳು ಬಹುಪಾಲು ಸಮಯ ವಿಶ್ರಾಂತಿಯಲ್ಲಿರಬೇಕು, ಅಗತ್ಯ ಬಿದ್ದಾಗ ಮಾತ್ರ ಎಚ್ಚರಗೊಳ್ಳಬೇಕು. ಸುಮ್ಮನಿರಬೇಕಾದ ಕೋಶ ಸುಮ್ಮನಿರದೆ ಮಿತಿಮೀರಿ ಬೆಳೆಯತೊಡಗಿದರೆ ಅದು ರಕ್ತದ ಕ್ಯಾನ್ಸರಿನ ಹಾದಿ. ಆಕರಕೋಶದ ಅಧ್ಯಯನವೂ ಕ್ಯಾನ್ಸರಿನ ಅಧ್ಯಯನವೂ ಒಂದನ್ನೊಂದು ಮುಟ್ಟುವುದು ಇಲ್ಲಿ.

2003ರಲ್ಲಿ ಇನಾಮ್ದಾರ್ ಅವರ ತಂಡ, ಇಲಿಯ ಭ್ರೂಣದ ಆಕರಕೋಶಗಳಲ್ಲಿ ಕಂಡ ಒಂದು ಹೊಸ ಜೀನಿನ ಕುರಿತು ಪ್ರಬಂಧ ಪ್ರಕಟಿಸಿತು. ಅದಕ್ಕೆ ಅವರಿಟ್ಟ ಹೆಸರು ‘ಅಸೃಜ್’. ಸಂಸ್ಕೃತದಲ್ಲಿ ಈ ಪದಕ್ಕೆ ರಕ್ತ ಎಂದರ್ಥ. ಆ ಜೀನು ಮಾಡುವ ಕೆಲಸವೇನು ಎಂಬುದು ಆಗ ತಿಳಿದಿರಲಿಲ್ಲ. ಮಾಗಿದ ಬಾಳೆಹಣ್ಣಿನ ಸುತ್ತ ಹಾರುವ ಪುಟ್ಟ ನೊಣದಲ್ಲೂ ಇದೇ ಜೀನು ಇದೆ. ಆದ್ದರಿಂದ ಮೊದಲು ನೊಣದಲ್ಲಿ ಪರೀಕ್ಷೆ ನಡೆಯಿತು. ಅಸೃಜ್ ಇಲ್ಲದ ನೊಣದ ಮರಿಹುಳದಲ್ಲಿ ರಕ್ತದ ಮೂಲಕೋಶಗಳು ಉಳಿಯದೆ, ಅಕಾಲದಲ್ಲೇ ಬಲಿತು ಬೇರೆ ಕೋಶಗಳಾಗಿಬಿಡುತ್ತವೆ ಎಂದು 2011ರಲ್ಲಿ ವರದಿಯಾಯಿತು. ಎಂಟು ವರ್ಷ ಕಳೆದಿತ್ತು, ಕೈಗೆ ಬಂದದ್ದು ನೊಣದ ಬಗೆಗಿನ ಒಂದು ತಿಳಿವು.

ನಂತರ ಅಸೃಜ್ ಇಲ್ಲದ ಇಲಿಗಳನ್ನು ರೂಪಿಸಿದರು. ಅವು ಆರೋಗ್ಯವಾಗಿಯೇ ಹುಟ್ಟಿದವು, ಮರಿ ಹಾಕಿದವು, ಮೇಲ್ನೋಟಕ್ಕೆ ಯಾವ ದೋಷವೂ ಇರಲಿಲ್ಲ. ಅವಸರದವರು ಅಲ್ಲಿಗೇ ಪ್ರಯೋಗ ಕೈಬಿಡುತ್ತಿದ್ದರೇನೋ. ಆದರೆ ಆರು ತಿಂಗಳ ವಯಸ್ಸಾಗುವ ಹೊತ್ತಿಗೆ ಆ ಇಲಿಗಳ ರಕ್ತಕಣಗಳ ಸಂಖ್ಯೆ ಏರಿತ್ತು, ಗುಲ್ಮ ಊದಿಕೊಂಡಿತ್ತು, ಮಜ್ಜೆಯಲ್ಲಿ ಮೂಲಕೋಶಗಳು ಹೆಚ್ಚಿದ್ದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಪಿ53 ಎಂಬ ಪ್ರೋಟೀನ್. ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಕಾವಲುಗಾರ ಇದು. ಈ ಕಾವಲುಗಾರನನ್ನು ಕೊಂದುಹಾಕುವ ಇನ್ನೊಂದು ಪ್ರೋಟೀನನ್ನು ಅಸೃಜ್ ಹಿಡಿದಿಟ್ಟುಕೊಳ್ಳುತ್ತದೆ. ಅಸೃಜ್ ಇಲ್ಲವಾದರೆ ಕಾವಲುಗಾರನೂ ಇಲ್ಲವಾಗುತ್ತಾನೆ. ರಕ್ತದ ಕ್ಯಾನ್ಸರುಗಳಲ್ಲಿ ಸುಮಾರು 11 ಶೇಕಡದಷ್ಟರಲ್ಲಿ ಮಾತ್ರ ಪಿ53ರ ಜೀನೇ ಕೆಟ್ಟಿರುತ್ತದೆ. ಉಳಿದವುಗಳಲ್ಲಿ ಜೀನು ಸರಿಯಾಗಿದ್ದೂ ಕಾವಲು ಸೋಲುವುದು ಹೇಗೆ ಎಂಬ ಪ್ರಶ್ನೆಗೆ ಈ ಕೆಲಸ ಒಂದು ದಾರಿ ತೋರಿಸಿತು. ‘ಬ್ಲಡ್’ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಇದು ಪ್ರಕಟವಾದದ್ದು 2019ರಲ್ಲಿ.

ಒಂದು ಜೀನಿನ ಹಿಂದೆ 16 ವರ್ಷ! ಮದ್ದು ಇನ್ನೂ ಬಂದಿಲ್ಲ. ಆ ವ್ಯಾಪಾರಿಯ ಪ್ರಶ್ನೆ ಇಲ್ಲೂ ಉಳಿಯುತ್ತದೆ: ಇದು ಕೆಲಸವೇ? ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ, ಕೊಡಗಿನಿಂದ, ಚಿಕ್ಕಮಗಳೂರಿನಿಂದ ಬರುವ ರಕ್ತದ ಕ್ಯಾನ್ಸರಿನ ರೋಗಿಗೆ ವೈದ್ಯರು ಬರೆದುಕೊಡುವ ಪ್ರತಿಯೊಂದು ಮದ್ದಿನ ಹಿಂದೆಯೂ ಯಾರೋ ಒಬ್ಬರ ಇಂಥ ವರ್ಷಗಳಿವೆ. ಆ ವರ್ಷಗಳನ್ನು ಬೇರೆಯವರ ಮಕ್ಕಳು ಕೊಡಲಿ, ನಮ್ಮ ಮಕ್ಕಳು ಚೀಟಿ ಬರೆಯಲಿ ಎಂದು ನಾವು ಮನದೊಳಗೆ ತೀರ್ಮಾನಿಸಿಬಿಟ್ಟಿದ್ದೇವೆಯೇ?

ಇನ್ನು ಧರ್ಮದ ಪ್ರಶ್ನೆ. ಭ್ರೂಣ ಎಂಬ ಶಬ್ದ ಕೇಳಿದೊಡನೆ ನಮ್ಮ ಕೆಲವು ಮನೆಗಳಲ್ಲಿ ‘ಹರಾಮಲ್ಲವೇ?’ ಎಂಬ ಸಂಶಯ ಏಳುತ್ತದೆ. ಮದ್ರಸದಲ್ಲಿ ಕಲಿತವನಾಗಿ ಈ ಸಂಶಯವನ್ನು ನಾನು ಲಘುವಾಗಿ ಕಾಣಲಾರೆ. ಇನಾಮ್ದಾರ್ ಅವರ ತಂಡ 2009ರಲ್ಲಿ ಮನುಷ್ಯ ಭ್ರೂಣದಿಂದ ಎರಡು ಆಕರಕೋಶ ತಳಿಗಳನ್ನು ಪಡೆದ ವಿವರವನ್ನು ಪ್ರಕಟಿಸಿತು. ಅವಕ್ಕೆ ಬಳಸಿದ್ದು ಬಂಜೆತನದ ಚಿಕಿತ್ಸೆಯಲ್ಲಿ ಗುಣಮಟ್ಟ ಸಾಲದೆಂದು ಕೈಬಿಟ್ಟ ಭ್ರೂಣಗಳನ್ನು. 2003ರ ಡಿಸೆಂಬರಿನಲ್ಲೇ ಮಕ್ಕಾದಲ್ಲಿ ಸೇರಿದ ರಾಬಿತತುಲ್ ಆಲಮಿಲ್ ಇಸ್ಲಾಮಿಯ ಫಿಕ್ಹ್ ಮಂಡಳಿ ಈ ವಿಷಯವನ್ನು ಚರ್ಚಿಸಿ, ಮೂಲ ನ್ಯಾಯಬದ್ಧವಾಗಿದ್ದರೆ ಆಕರಕೋಶಗಳನ್ನು ಪಡೆಯುವುದೂ ಬಳಸುವುದೂ ಸಮ್ಮತವೆಂದು ತೀರ್ಮಾನಿಸಿತು. ಹೆತ್ತವರ ಒಪ್ಪಿಗೆಯಿಂದ ದೊರೆತ, ಚಿಕಿತ್ಸೆಯಲ್ಲಿ ಮಿಕ್ಕಿದ ಭ್ರೂಣಗಳೂ ಅದರಲ್ಲಿ ಸೇರಿವೆ. ಬೇಕೆಂದೇ ಗರ್ಭಪಾತ ಮಾಡಿಸಿ ಪಡೆಯುವುದನ್ನೂ ತದ್ರೂಪಿ ಭ್ರೂಣ ಸೃಷ್ಟಿಸುವುದನ್ನೂ ಅದು ನಿಷೇಧಿಸಿತು. ಎಲ್ಲ ವಿದ್ವಾಂಸರೂ ಒಂದೇ ಮಾತಿನವರೆಂದು ನಾನು ಹೇಳುತ್ತಿಲ್ಲ. ಚರ್ಚೆ ಆಗಿದೆ, ದಾರಿಯೂ ಇದೆ ಎಂಬುದು ನಮ್ಮ ಮಿಂಬರ್‌ಗಳಿಂದ ಕೇಳಿಬರಬೇಕಿತ್ತು, ಕೇಳಿಬರಲಿಲ್ಲ.

ಸಂಶೋಧನೆಯನ್ನು ಅರಿಯದ ಸಮಾಜ ಅದರ ಹೆಸರಿನಲ್ಲಿ ನಡೆಯುವ ಮೋಸಕ್ಕೂ ಬಲಿಯಾಗುತ್ತದೆ. ಆಟಿಸಂ, ಮಂಡಿನೋವು, ಮಧುಮೇಹ, ಎಲ್ಲದಕ್ಕೂ ಸ್ಟೆಮ್ ಸೆಲ್ ಚಿಕಿತ್ಸೆ ಎಂಬ ಜಾಹೀರಾತುಗಳು ಬರುತ್ತವೆ. ಮಗುವಿಗಾಗಿ ಒಡವೆ ಅಡವಿಟ್ಟ ತಾಯಂದಿರನ್ನು ನಾನು ಕಂಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ನಿರ್ದಿಷ್ಟ ರಕ್ತಸಂಬಂಧಿ ಕಾಯಿಲೆಗಳಿಗೆ ಮಜ್ಜೆ ಮುಂತಾದವುಗಳಿಂದ ರಕ್ತದ ಮೂಲಕೋಶ ಕಸಿ ಮಾಡುವುದು ಮಾತ್ರ ಅಂಗೀಕೃತ ಚಿಕಿತ್ಸೆ, ಉಳಿದುದೆಲ್ಲ ಅನುಮತಿ ಪಡೆದ ಪ್ರಯೋಗದ ಮಿತಿಯಲ್ಲಷ್ಟೇ ನಡೆಯಬೇಕು. ಹೆರಿಗೆ ಹೊತ್ತಿನಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕೊಟ್ಟು ಕಾದಿರಿಸಿ, ನಿಮ್ಮ ಮಗುವಿಗೇ ವಿಮೆ ಎಂದು ಒತ್ತಾಯಿಸುವವರ ಮಾತಿಗೂ ಆಧಾರವಿಲ್ಲ. ಇದನ್ನು ಮನೆಯಲ್ಲಿ ಕುಳಿತು ಹೇಳಬಲ್ಲವಳು ಆ ಎಂ.ಎಸ್ಸಿ. ಹುಡುಗಿಯೇ.

ಖರ್ಚಿನ ಮಾತೂ ಇದೆ. ಎಂಬಿಬಿಎಸ್‌ಗೆ ಜಾಗ ಮಾರುವ ತಂದೆಗೆ, ಪಿಎಚ್.ಡಿ. ಮಾಡುವವರಿಗೆ ಸಂಭಾವನೆ ಸಿಗುತ್ತದೆ ಎಂಬುದು ಗೊತ್ತಿಲ್ಲ. ರಾಷ್ಟ್ರೀಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ, ಮುಂದೆ ಅದು 42,000 ಆಗುತ್ತದೆ. ಆದರೆ ಆ ಬಾಗಿಲು ಕಿರಿದು. ಸಾಚಾರ್ ವರದಿಯ ಬೆನ್ನಿಗೆ 2009ರಲ್ಲಿ ಆರಂಭವಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅಲ್ಪಸಂಖ್ಯಾತ ಸಂಶೋಧಕರಿಗೆ ಇನ್ನೊಂದು ಬಾಗಿಲಾಗಿತ್ತು. ಬೇರೆ ಯೋಜನೆಗಳ ಪುನರಾವರ್ತನೆ ಎಂದು ಹೇಳಿ ಕೇಂದ್ರ ಸರಕಾರ ಅದನ್ನು 2022ರಲ್ಲಿ ನಿಲ್ಲಿಸಿತು. ಇದರ ವಿರುದ್ಧ ಹೇಳಿಕೆ ಕೊಟ್ಟ ನಮ್ಮ ಸಂಘಟನೆಗಳನ್ನು ನಾನು ಅಭಿನಂದಿಸುತ್ತೇನೆ. ಜೊತೆಗೆ ಒಂದು ಪ್ರಶ್ನೆ: ಸನ್ಮಾನ, ಫ್ಲೆಕ್ಸ್‌ಗಳ ಹಣದಲ್ಲಿ ವರ್ಷಕ್ಕೆ ಒಬ್ಬ ಸಂಶೋಧಕಿಯ ಖರ್ಚು ಹೊರಲು ನಿಮಗೆ ಸಾಧ್ಯವಿಲ್ಲವೇ? ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯವಿದೆ, ದೇರಳಕಟ್ಟೆಯಲ್ಲಿ ಪ್ರಯೋಗಾಲಯಗಳಿವೆ. ಹುಡುಗಿ ಊರು ಬಿಡಬೇಕೆಂಬ ನೆಪವೂ ಮಂಗಳೂರಿನವರಿಗೆ ಇಲ್ಲ.

ಅಂದಹಾಗೆ, 2018ರಲ್ಲಿ ಚೀನಾದ ವಿಜ್ಞಾನಿಯೊಬ್ಬರು ಶಿಶುಗಳ ಜೀನನ್ನೇ ಬದಲಿಸಿದ್ದು ಬಯಲಾದಾಗ ವಿಶ್ವ ಆರೋಗ್ಯ ಸಂಸ್ಥೆ ರಚಿಸಿದ ತಜ್ಞರ ಸಮಿತಿಯಲ್ಲಿ ಇನಾಮ್ದಾರ್ ಸದಸ್ಯರಾಗಿದ್ದರು. ನೊಣ, ಇಲಿಗಳ ನಡುವೆ ವರ್ಷಗಳನ್ನು ಕಳೆದವರು ಮನುಕುಲದ ಕಟ್ಟಳೆಯನ್ನು ಬರೆಯುವ ಮೇಜಿನ ಮುಂದೆ ಕುಳಿತರು.

ಮೊನ್ನೆ ಆ ವ್ಯಾಪಾರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿದರು. ಮಗಳು ನೆಟ್‌ಗೆ ಓದುತ್ತಿದ್ದಾಳೆ, ಈ ನಡುವೆ ದಮ್ಮಾಮಿನಲ್ಲಿರುವ ಹುಡುಗನ ಸಂಬಂಧವೊಂದು ಬಂದಿದೆ ಎಂದರು. ಅವಳು ಓದು ಮುಂದುವರಿಸುತ್ತಾಳೆಂದು ಹುಡುಗನ ಮನೆಯವರಿಗೆ ತಿಳಿಸಿದ್ದೀರಾ ಎಂದು ಕೇಳಿದೆ.

“ಅದನ್ನು ಈಗಲೇ ಹೇಳಬೇಕಾ ಉಸ್ತಾದರೇ?”

ಈಗಲೇ ಹೇಳಿ ಎಂದೆ. ಅವರು ಹೆಣ್ಣು ನೋಡಲು ಬರುವ ಮೊದಲೇ.